ರಾತ್ರಿಯ ವಿಡಿಯೊದಲ್ಲಿ ಕದಲದೆ ಕೂತ ಕೆಂಪು ಚುಕ್ಕೆ

ಪ್ರಶ್ನೆ: ನಾನು ಬಳ್ಳಾರಿಯವನು. ಕೆಲಸದ ಮೇಲೆ ತಿಂಗಳಿಗೆ ನಾಲ್ಕೈದು ಬಾರಿ ರಾತ್ರಿ ಹೊರಟು ಚಳ್ಳಕೆರೆ, ಹಿರಿಯೂರು ಮಾರ್ಗವಾಗಿ ಬೆಂಗಳೂರಿಗೆ ಕಾರು ಓಡಿಸುತ್ತೇನೆ. ಒಂದೂವರೆ ವರ್ಷದ ಹಿಂದೆ ರಸ್ತೆಯನ್ನು ದಾಖಲಿಸುವ 4ಕೆ ಡ್ಯಾಶ್‌ಕ್ಯಾಮ್ ಹಾಕಿಸಿದೆ. ಮೊದಲ ವರ್ಷ ವಿಡಿಯೊ ಚೆನ್ನಾಗಿತ್ತು. ಈ ಬೇಸಿಗೆಯಿಂದ ರಾತ್ರಿಯ ವಿಡಿಯೊದಲ್ಲಿ ಕೆಂಪು, ನೀಲಿ, ಬಿಳಿ ಚುಕ್ಕೆಗಳು ಕಾಣುತ್ತಿವೆ. ಎಣಿಸಿದರೆ ಹತ್ತು ಹನ್ನೆರಡು ಇವೆ. ಹಗಲಿನಲ್ಲಿ ಒಂದೂ ಇಲ್ಲ. ಅಂಗಡಿಯವರು ಮೆಮರಿ ಕಾರ್ಡ್ ಹಾಳಾಗಿದೆ ಎಂದರು. ಹೊಸದು ಹಾಕಿದೆ, ಚುಕ್ಕೆ ಹೋಗಲಿಲ್ಲ. ಬೇಗ ಬೇಗ ಬಣ್ಣ ಬದಲಾಗುವ ವಿಡಿಯೊವನ್ನು ಅರ್ಧ ಗಂಟೆ ಕ್ಯಾಮೆರಾದ ಮುಂದೆ ಓಡಿಸಿ ಎಂದು ಸ್ನೇಹಿತರೊಬ್ಬರು ಹೇಳಿದರು, ಅದೂ ಆಯಿತು. ಹೇರ್ ಡ್ರೈಯರ್‌ನಿಂದ ಬಿಸಿ ಗಾಳಿ ಹಿಡಿಯಲು ಇನ್ನೊಬ್ಬರು ಹೇಳಿದ್ದಾರೆ, ಅದನ್ನು ಮಾಡಲು ಧೈರ್ಯವಾಗಿಲ್ಲ. ಹೋದ ವಾರ ಚಳ್ಳಕೆರೆ ದಾಟಿದ ಮೇಲೆ ಲಾರಿಯೊಂದು ಹಿಂದಿನಿಂದ ಬಂದು ನನ್ನ ಬಲಗನ್ನಡಿಯನ್ನು ಒರೆಸಿಕೊಂಡು ಹೋಯಿತು. ವಿಡಿಯೊ ನಿಲ್ಲಿಸಿ ನೋಡಿದರೆ ಅದರ ನಂಬರ್ ಪ್ಲೇಟ್ ಮೇಲೆಯೇ ಕೆಂಪು ಚುಕ್ಕೆ ಕೂತಿದೆ. ಕೊನೆಯ ಅಂಕಿ 3 ಇರಬಹುದು, 8 ಇರಬಹುದು. ಪೊಲೀಸರಿಗೂ ವಿಮೆಯವರಿಗೂ ವಿಡಿಯೊ ಕೊಡಬೇಕು. ಚುಕ್ಕೆ ಅಳಿಸಿ ಕೊಡಬಹುದೇ? ಕ್ಯಾಮೆರಾ ಕೆಟ್ಟುಹೋಯಿತೇ? ಹೊಸದು ಕೊಂಡರೆ ಹೀಗೆ ಆಗುವುದಿಲ್ಲವೇ?

ಉತ್ತರ: ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಆ ರಾತ್ರಿಯ ವಿಡಿಯೊ ಇರುವ ಮೆಮರಿ ಕಾರ್ಡ್ ಇನ್ನೂ ಕ್ಯಾಮೆರಾದಲ್ಲೇ ಇದ್ದರೆ ಈಗಲೇ ಹೊರಗೆ ತೆಗೆಯಿರಿ. ಡ್ಯಾಶ್‌ಕ್ಯಾಮ್ ಕಾರ್ಡ್ ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. 4ಕೆ ವಿಡಿಯೊ ಸೆಕೆಂಡಿಗೆ 30 ಮೆಗಾಬಿಟ್‌ನಂತೆ ದಾಖಲಾದರೆ 64 ಜಿಬಿ ಕಾರ್ಡ್ ನಾಲ್ಕೂಮುಕ್ಕಾಲು ಗಂಟೆಯಲ್ಲಿ ತುಂಬುತ್ತದೆ. ಎಂದರೆ ಬಳ್ಳಾರಿಯಿಂದ ಬೆಂಗಳೂರಿಗೆ ಇನ್ನೊಮ್ಮೆ ಹೋಗುವಷ್ಟರಲ್ಲಿ ನಿಮ್ಮ ಲಾರಿ ಅಳಿಸಿಹೋಗಿರುತ್ತದೆ. ಡಿಕ್ಕಿಯಾದಾಗ ಫೈಲ್ ತಾನಾಗಿ ಲಾಕ್ ಆಗುವ ಸೌಲಭ್ಯ ಇದೆಯಲ್ಲ ಎಂದು ನಂಬಬೇಡಿ. ಕನ್ನಡಿ ಸವರಿದಷ್ಟಕ್ಕೆ ಅದು ಎಚ್ಚೆತ್ತುಕೊಳ್ಳುವುದೇ ಅನುಮಾನ. ಕಾರ್ಡ್ ತೆಗೆದು ಒಂದು ಲಕೋಟೆಯಲ್ಲಿ ಹಾಕಿ, ದಿನಾಂಕ ಬರೆದಿಡಿ. ಕ್ಯಾಮೆರಾಗೆ ಬೇರೆ ಕಾರ್ಡ್ ಹಾಕಿ.

ಈಗ ನಿಮ್ಮ ಆತಂಕಕ್ಕೆ ಬರೋಣ. ಕ್ಯಾಮೆರಾ ಕೆಟ್ಟಿದೆಯೇ ಎಂಬುದು ಒಂದು, ಕೆಟ್ಟ ಕ್ಯಾಮೆರಾದಿಂದ ಬಂದ ವಿಡಿಯೊ ಸಾಕ್ಷಿಯಾಗಿ ನಿಲ್ಲುತ್ತದೆಯೇ ಎಂಬುದು ಇನ್ನೊಂದು. ಎರಡನ್ನೂ ಸೇರಿಸಿಕೊಂಡು ನೀವು ಚುಕ್ಕೆ ಅಳಿಸುವ ದಾರಿ ಹುಡುಕುತ್ತಿದ್ದೀರಿ. ಕ್ಯಾಮೆರಾ, ಸಿಸಿಟಿವಿ ದುರಸ್ತಿಯ ಮೇಜಿನ ಮುಂದೆ ಹದಿನೆಂಟು ವರ್ಷ ಕೂತವನಾಗಿ ಹೇಳುತ್ತೇನೆ: ಚುಕ್ಕೆ ಇರುವುದರಿಂದ ನಿಮ್ಮ ವಿಡಿಯೊ ಹಾಳಾಗಿಲ್ಲ, ಅದನ್ನು ಮೂಲ ಫೈಲ್‌ನಿಂದ ಅಳಿಸಲು ಹೊರಟರೆ ಮಾತ್ರ ಹಾಳಾಗುತ್ತದೆ. ಕ್ಯಾಮೆರಾವೂ ಕೆಟ್ಟಿಲ್ಲ, ಅದಕ್ಕೆ ಸೆಕೆ ತಡೆಯಲಾಗುತ್ತಿಲ್ಲ.

ಮೊದಲು ಇದು ನಿಜಕ್ಕೂ ಹಾಟ್ ಪಿಕ್ಸೆಲ್ಲೇ, ಎಂದರೆ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಚಿಪ್ ಆದ ಸೆನ್ಸರಿನಲ್ಲಿ ಬಿಸಿಗೆ ತಾನಾಗಿ ಹೊಳೆಯುವ ಬಿಂದುವೇ ಎಂದು ಖಚಿತ ಮಾಡಿಕೊಳ್ಳಬೇಕು. ನನ್ನ ಬಳಿ ಚುಕ್ಕೆ ಎಂದು ಬರುವುದೆಲ್ಲ ಹಾಟ್ ಪಿಕ್ಸೆಲ್ ಆಗಿರುವುದಿಲ್ಲ. ಒಬ್ಬರು ಹಿರಿಯೂರಿನಿಂದ ಮುಂದೆ ಹೋದಂತೆ ಕೆಂಪು ಚುಕ್ಕೆ ಹೆಚ್ಚಾಗುತ್ತದೆ ಎಂದು ವಿಡಿಯೊ ತಂದಿದ್ದರು. ನಿಲ್ಲಿಸಿ ನೋಡಿದರೆ ಅವು ದೂರದ ಗುಡ್ಡಸಾಲಿನ ಗಾಳಿಯಂತ್ರಗಳ ನೆತ್ತಿಯ ಮೇಲಿನ ಕೆಂಪು ದೀಪಗಳು. ರಸ್ತೆ ತಿರುಗಿದಾಗ ಅವೂ ಚಿತ್ರದಲ್ಲಿ ಸರಿದಿದ್ದವು. ಹಾಟ್ ಪಿಕ್ಸೆಲ್ ಸರಿಯುವುದಿಲ್ಲ. ಕಾರು ಎತ್ತ ತಿರುಗಿದರೂ, ಊರು ಯಾವುದಾದರೂ ಅದು ಚೌಕಟ್ಟಿನ ಅದೇ ಜಾಗದಲ್ಲಿ ಮೊಳೆ ಹೊಡೆದಂತೆ ಕೂತಿರುತ್ತದೆ. ಎದುರು ವಾಹನದ ಹೆಡ್‌ಲೈಟ್ ಲೆನ್ಸಿನೊಳಗೆ ಪ್ರತಿಫಲಿಸಿ ಹುಟ್ಟುವ ಹಸಿರು ಬೊಟ್ಟು ಆ ದೀಪದ ಜೊತೆಗೇ ಓಡಾಡುತ್ತದೆ. ಮುಂಗಾಜಿನ ಮೇಲಿನ ಧೂಳು ಮಸುಕಾದ ಮಚ್ಚೆಯಾಗಿ ಕಾಣುತ್ತದೆಯೇ ಹೊರತು ಸೂಜಿಮೊನೆಯಂತೆ ಹೊಳೆಯುವುದಿಲ್ಲ, ಕ್ಯಾಮೆರಾವನ್ನು ಒಂದು ಬೆರಳು ಸರಿಸಿದರೆ ಅದೂ ಸರಿಯುತ್ತದೆ.

ನೀವೇ ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಸರಳ. ವಿಡಿಯೊವನ್ನು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡದೆ ಕಂಪ್ಯೂಟರ್‌ಗೆ ಹಾಕಿ ನೋಡಿ. ಪರದೆಯದೇ ದೋಷವಾಗಿದ್ದರೆ ಅಲ್ಲಿ ಚುಕ್ಕೆ ಇರುವುದಿಲ್ಲ. ನಂತರ ಒಂದು ಬೆಳಗಿನ ಜಾವ, ಕಾರು ರಾತ್ರಿಯಿಡೀ ತಣ್ಣಗೆ ನಿಂತಿದ್ದಾಗ, ಲೆನ್ಸಿನ ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ದಪ್ಪ ಕಪ್ಪು ಬಟ್ಟೆ ಸುತ್ತಿ, ಬೆಳಕು ನುಸುಳದಂತೆ ಮಾಡಿ ಒಂದು ನಿಮಿಷ ದಾಖಲಿಸಿ. ಅದೇ ದಿನ ಮಧ್ಯಾಹ್ನ ಎರಡು ಗಂಟೆಗೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಕ್ಯಾಮೆರಾವನ್ನು ಹತ್ತು ನಿಮಿಷ ಓಡಿಸಿ ಇನ್ನೊಂದು ನಿಮಿಷ ಹೀಗೆಯೇ ಮುಚ್ಚಿ ದಾಖಲಿಸಿ. ಎರಡನ್ನೂ ಕತ್ತಲೆ ಕೋಣೆಯಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಬೆಳಿಗ್ಗೆ ಎರಡು ಮೂರು ಚುಕ್ಕೆ ಇದ್ದು ಮಧ್ಯಾಹ್ನ ಇಪ್ಪತ್ತಾಗಿದ್ದರೆ, ಹಳೆಯ ಮೂರೂ ಅದೇ ಜಾಗದಲ್ಲಿದ್ದರೆ ಬೇರೆ ಸಂದೇಹ ಬೇಡ. ಎರಡರಲ್ಲೂ ಒಂದೇ ಸಮ ಇದ್ದು ಹಗಲಿನ ವಿಡಿಯೊದಲ್ಲೂ ಹೊಳೆಯುವಂಥದ್ದು ಸ್ಟಕ್ ಪಿಕ್ಸೆಲ್. ಬಿಳಿ ಗೋಡೆಯ ಮುಂದೆ ಹಿಡಿದಾಗ ಕಪ್ಪಾಗಿ ಕಾಣುವುದು ಸತ್ತ ಪಿಕ್ಸೆಲ್. ನೀವು ಹೇಳುವ ಲಕ್ಷಣ, ಹಗಲು ಇಲ್ಲ, ರಾತ್ರಿ ಇದೆ, ಬೇಸಿಗೆಯಲ್ಲಿ ಶುರುವಾಯಿತು ಎಂಬುದು, ಮೊದಲನೆಯದಕ್ಕೇ ಹೊಂದುತ್ತದೆ.

ಅದೇಕೆ ಹೀಗಾಗುತ್ತದೆ ಎಂದು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಪರಿಹಾರವೆಲ್ಲ ಅದರಲ್ಲೇ ಇದೆ. 4ಕೆ ಚಿತ್ರವೊಂದರಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿವೆ. ಸೆನ್ಸರಿನ ಮೇಲಿನ ಪ್ರತಿ ಪಿಕ್ಸೆಲ್ಲನ್ನೂ ಬಯಲಿನಲ್ಲಿ ತೋಡಿದ ಒಂದು ಪುಟ್ಟ ಗುಂಡಿ ಎಂದುಕೊಳ್ಳಿ. ಬೆಳಕು ಮಳೆ. ನಿಗದಿತ ಹೊತ್ತು ಮಳೆಗೆ ತೆರೆದಿಟ್ಟು, ಯಾವ ಗುಂಡಿಯಲ್ಲಿ ಎಷ್ಟು ನೀರು ನಿಂತಿದೆ ಎಂದು ಅಳೆದರೆ ಚಿತ್ರ ಸಿಗುತ್ತದೆ. ಆದರೆ ಮಳೆ ಬಾರದಿದ್ದರೂ ಗುಂಡಿಯ ತಳದಿಂದ ತುಸು ನೀರು ಜಿನುಗುತ್ತದೆ. ಸಿಲಿಕಾನ್ ಬಿಸಿಯಾದಾಗ ಬೆಳಕಿನ ಸಹಾಯವಿಲ್ಲದೆಯೇ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗಿ ಒಳಗೆ ಸೇರುವುದೇ ಈ ಒರತೆ. ತಂತ್ರಜ್ಞರು ಇದನ್ನು ಡಾರ್ಕ್ ಕರೆಂಟ್ ಎನ್ನುತ್ತಾರೆ. ಎಲ್ಲ ಗುಂಡಿಗಳಲ್ಲೂ ಒರತೆ ಇದೆ, ಆದರೆ ಬಹಳ ಸಣ್ಣದು. ಯಾವ ಗುಂಡಿಯ ತಳದಲ್ಲಿ ಬಿರುಕಿದೆಯೋ, ಎಂದರೆ ಸಿಲಿಕಾನ್ ಹರಳಿನ ಜೋಡಣೆಯಲ್ಲಿ ಒಂದು ಪರಮಾಣು ಸ್ಥಾನ ತಪ್ಪಿದೆಯೋ ಅಥವಾ ಲೋಹದ ಕಲ್ಮಶ ಸೇರಿದೆಯೋ, ಅಲ್ಲಿ ಒರತೆ ಜೋರು. ಅದೇ ಹಾಟ್ ಪಿಕ್ಸೆಲ್.

ಈ ಒರತೆಗೆ ಬಿಸಿಯೇ ಒಡೆಯ. ಸುಮಾರು 6ರಿಂದ 8 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಡಾರ್ಕ್ ಕರೆಂಟ್ ಇಮ್ಮಡಿಯಾಗುತ್ತದೆ. 8 ಡಿಗ್ರಿಯ ಲೆಕ್ಕವನ್ನೇ ಹಿಡಿದರೂ, 25 ಡಿಗ್ರಿಯಲ್ಲಿದ್ದ ಸೆನ್ಸರ್ 65 ಡಿಗ್ರಿಗೆ ಹೋದಾಗ ಐದು ಬಾರಿ ಇಮ್ಮಡಿಯಾಗಿ 32 ಪಟ್ಟಾಗಿರುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಬಯಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಕೈಯಿಡಲಾಗದಷ್ಟು ಸುಡುತ್ತದೆ, ಅಲ್ಲಿ 65 ಡಿಗ್ರಿ ದೊಡ್ಡ ಮಾತೇನಲ್ಲ. ರಾತ್ರಿ ತಂಪಾಗಿರುತ್ತದಲ್ಲ ಎಂದು ನೀವು ಕೇಳಬಹುದು. ಹೊರಗೆ ತಂಪು ನಿಜ. ಅಂಗೈಯಗಲದ ಮುಚ್ಚಿದ ಡಬ್ಬಿಯೊಳಗೆ 4ಕೆ ವಿಡಿಯೊ ಸಂಕುಚಿಸುವ ಚಿಪ್, ವೈಫೈ, ಜಿಪಿಎಸ್ ಎಲ್ಲವೂ ಒತ್ತೊತ್ತಾಗಿ ಕೆಲಸ ಮಾಡುತ್ತಿರುತ್ತವೆ. ಹೊರಟು ಅರ್ಧ ಗಂಟೆಯಾದ ಮೇಲೆ ಚುಕ್ಕೆ ಹೆಚ್ಚುವುದು ಈ ಒಳಗಿನ ಬಿಸಿಯಿಂದ. ನಿಮ್ಮ ವಿಡಿಯೊದಲ್ಲೇ ನೋಡಿ, ಬಳ್ಳಾರಿ ಬಿಟ್ಟಾಗ ಎಷ್ಟಿದ್ದವು, ಹಿರಿಯೂರಿನಲ್ಲಿ ಎಷ್ಟಾದವು ಎಂದು ತಿಳಿಯುತ್ತದೆ.

ಹಗಲಿನಲ್ಲಿ ಸೆನ್ಸರ್ ಇನ್ನೂ ಬಿಸಿಯಾಗಿದ್ದರೂ ಚುಕ್ಕೆ ಕಾಣುವುದಿಲ್ಲವೇಕೆ? ಬಿಸಿಲಲ್ಲಿ ಕ್ಯಾಮೆರಾ ಸೆಕೆಂಡಿನ ಸಾವಿರದಲ್ಲೊಂದು ಭಾಗ ಮಾತ್ರ ಕಣ್ಣು ತೆರೆಯುತ್ತದೆ. ರಾತ್ರಿ ಮೂವತ್ತರಲ್ಲೊಂದು ಭಾಗ. ಒರತೆಗೆ ಜಿನುಗಲು 33 ಪಟ್ಟು ಹೆಚ್ಚು ಹೊತ್ತು ಸಿಕ್ಕಿತು. ಅದು ಸಾಲದೆಂದು ಕತ್ತಲಲ್ಲಿ ಸಿಕ್ಕ ಚೂರುಪಾರು ಬೆಳಕನ್ನು ಕ್ಯಾಮೆರಾ ವರ್ಧಿಸುತ್ತದೆ. ಈ ವರ್ಧನೆಗೆ ಗೇನ್ ಎನ್ನುತ್ತಾರೆ, 30 ಡೆಸಿಬೆಲ್ ಗೇನ್ ಎಂದರೆ ಸುಮಾರು 32 ಪಟ್ಟು. ಎರಡನ್ನೂ ಗುಣಿಸಿದರೆ, ಹಗಲಿನಲ್ಲಿ ಲೆಕ್ಕಕ್ಕೇ ಬಾರದಿದ್ದ ಒರತೆ ರಾತ್ರಿ ಸಾವಿರ ಪಟ್ಟು ಎದ್ದು ಕಾಣುತ್ತದೆ. ಸುತ್ತಲೂ ಕಪ್ಪು ಬೇರೆ. ದೋಷ ಹಗಲೂ ಅಲ್ಲೇ ಇತ್ತು, ಬೆಳಕು ಅದನ್ನು ಮುಚ್ಚಿತ್ತು.

ಚುಕ್ಕೆಯೊಂದನ್ನು ಎಂಟು ಪಟ್ಟು ಹಿಗ್ಗಿಸಿ ನೋಡಿ. ನಡುವೆ ಉರಿಗೆಂಪು, ನಾಲ್ಕೂ ದಿಕ್ಕಿಗೆ ತಿಳಿಗೆಂಪಿನ ಚಾಚು, ಸುತ್ತಲೂ ಕೊಳೆನೀರಿನ ಕಲೆಯಂತೆ ಮಸುಕು ಚೌಕ. ದೋಷ ಇರುವುದು ಒಂದೇ ಪಿಕ್ಸೆಲ್‌ನಲ್ಲಿ. ಆದರೆ ಪ್ರತಿ ಪಿಕ್ಸೆಲ್‌ನ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಒಂದೇ ಶೋಧಕ ಇರುತ್ತದೆ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಅದು. ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದವುಗಳಿಂದ ಊಹಿಸುವಾಗ ಒಬ್ಬನ ಸುಳ್ಳು ನೆರೆಯವರಿಗೂ ಹರಡುತ್ತದೆ. ನಂತರ ವಿಡಿಯೊ ಸಂಕುಚಿಸುವಾಗ ಬಣ್ಣದ ಮಾಹಿತಿಯನ್ನು ಅಗಲದಲ್ಲೂ ಎತ್ತರದಲ್ಲೂ ಅರ್ಧಕ್ಕೆ ಇಳಿಸುತ್ತಾರೆ, ಆಗ ಕೆಂಪು ಇನ್ನಷ್ಟು ಹಬ್ಬುತ್ತದೆ. ನಿಮಗೆ ನಂಬರ್ ಪ್ಲೇಟ್‌ನ ಅಂಕಿಯನ್ನೇ ನುಂಗುವಷ್ಟು ದೊಡ್ಡದಾಗಿ ಕಂಡದ್ದು ಈ ಕಾರಣಕ್ಕೆ.

ಕಾರ್ಖಾನೆಯವರಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಸೆನ್ಸರ್ ತಯಾರಾದಾಗಲೇ ದೋಷವಿರುವ ಪಿಕ್ಸೆಲ್‌ಗಳ ಪಟ್ಟಿ ಮಾಡಿ, ಅವುಗಳ ಬದಲು ನೆರೆಯ ಪಿಕ್ಸೆಲ್‌ಗಳ ಸರಾಸರಿ ಹಾಕುವಂತೆ ಏರ್ಪಾಡು ಮಾಡಬಹುದು. ಆಮೇಲೆ ಹುಟ್ಟಿದ ದೋಷಗಳು ಆ ಪಟ್ಟಿಯಲ್ಲಿ ಇರುವುದಿಲ್ಲ. ಓಡುತ್ತಿರುವಾಗಲೇ ಒಂಟಿ ಚುಕ್ಕೆಯನ್ನು ಹುಡುಕಿ ಅಳಿಸುವ ತಂತ್ರವೂ ಚಿಪ್‌ನಲ್ಲಿರುತ್ತದೆ. ಅದನ್ನು ಜೋರು ಮಾಡಿದರೆ ದೂರದ ಲಾರಿಯ ಹಿಂದೀಪವನ್ನೂ, ನಂಬರ್ ಪ್ಲೇಟ್‌ನ ಸಣ್ಣ ಗೆರೆಯನ್ನೂ ದೋಷವೆಂದೇ ತಿಳಿದು ಒರೆಸಿಬಿಡುತ್ತದೆ. ಆದ್ದರಿಂದ ಮೆದುವಾಗಿ ಇಟ್ಟಿರುತ್ತಾರೆ. ರಸ್ತೆ ಕ್ಯಾಮೆರಾಗೆ ಅದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ.

ಹೊಸ ದೋಷಗಳು ಎಲ್ಲಿಂದ ಬರುತ್ತವೆ ಎಂದರೆ ಕೆಲವು ಆಕಾಶದಿಂದಲೇ ಬರುತ್ತವೆ. ಬಾಹ್ಯಾಕಾಶದ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಾನ್‌ಗಳು ಸಿಲಿಕಾನ್‌ನೊಳಗೆ ನುಗ್ಗಿ ಪರಮಾಣುವನ್ನು ಜಾಗದಿಂದ ಕದಲಿಸುತ್ತವೆ. ಎತ್ತರದಲ್ಲಿ ಇದು ಹೆಚ್ಚು, ಹಾಗಾಗಿ ವಿಮಾನದಲ್ಲಿ ಓಡಾಡಿದ ಕ್ಯಾಮೆರಾಗಳಲ್ಲಿ ಚುಕ್ಕೆ ಬೇಗ ಹೆಚ್ಚುತ್ತದೆ. ನೆಲದ ಮೇಲೂ ನಿಧಾನವಾಗಿ ನಡೆದೇ ಇರುತ್ತದೆ. ಬಿಸಿಲು ನಿಮ್ಮ ಚುಕ್ಕೆಗಳನ್ನು ಹುಟ್ಟಿಸಿತು ಎನ್ನುವುದಕ್ಕಿಂತ, ಒಂದೂವರೆ ವರ್ಷದಲ್ಲಿ ಒಂದೊಂದಾಗಿ ಸೇರಿದ್ದನ್ನು ಈ ಬೇಸಿಗೆ ಎತ್ತಿ ತೋರಿಸಿತು ಎನ್ನುವುದು ನಿಜಕ್ಕೆ ಹತ್ತಿರ. ಮಳೆಗಾಲದಲ್ಲಿ ಇವುಗಳಲ್ಲಿ ಅರ್ಧ ಮರೆಯಾದರೆ ಆಶ್ಚರ್ಯಪಡಬೇಡಿ, ಗುಣವಾಯಿತು ಎಂದೂ ತಿಳಿಯಬೇಡಿ.

ನಿಮಗೆ ಸಿಕ್ಕ ಸಲಹೆಗಳ ವಿಚಾರ. ಮೆಮರಿ ಕಾರ್ಡ್ ಹಾಳಾದರೆ ಫೈಲ್ ತೆರೆಯುವುದಿಲ್ಲ, ಚಿತ್ರ ನಿಂತುಹೋಗುತ್ತದೆ, ಚೌಕಚೌಕವಾಗಿ ಒಡೆಯುತ್ತದೆ. ಪ್ರತಿದಿನ ಒಂದೇ ಜಾಗದಲ್ಲಿ ಚುಕ್ಕೆ ಇಡುವ ಕೆಲಸ ಕಾರ್ಡ್‌ನಿಂದ ಆಗದು. ಬಣ್ಣ ಬದಲಾಗುವ ವಿಡಿಯೊ ಟಿವಿ, ಮೊಬೈಲ್ ಪರದೆಗಳಲ್ಲಿ ಸಿಕ್ಕಿಕೊಂಡ ಪಿಕ್ಸೆಲ್‌ಗಳಿಗೆ ಮಾಡುವ ಉಪಾಯ, ಅಲ್ಲಿ ಒಮ್ಮೊಮ್ಮೆ ಫಲಿಸುತ್ತದೆ. ಸೆನ್ಸರಿಗೆ ಅದು ಬರೀ ಇನ್ನೊಂದು ದೃಶ್ಯ.

ಹೇರ್ ಡ್ರೈಯರ್ ಮಾತಿಗೆ ಮಾತ್ರ ಒಂದು ನಿಜದ ಬೇರಿದೆ, ಅದಕ್ಕೇ ಅದು ಹೆಚ್ಚು ಅಪಾಯಕಾರಿ. ಹಬಲ್ ದೂರದರ್ಶಕದ ಕ್ಯಾಮೆರಾಗಳಲ್ಲಿ ಹಾಟ್ ಪಿಕ್ಸೆಲ್ ತುಂಬಿಕೊಳ್ಳುತ್ತಲೇ ಇರುತ್ತವೆ. ಸೊನ್ನೆಗಿಂತ ಬಹಳ ಕೆಳಗಿನ ತಣುವಿನಲ್ಲಿ ಕೆಲಸ ಮಾಡುವ ಆ ಸೆನ್ಸರ್‌ಗಳನ್ನು ತಿಂಗಳಿಗೊಮ್ಮೆಯಂತೆ ಬೆಚ್ಚಗೆ ಮಾಡಿ ಅವುಗಳಲ್ಲಿ ಹಲವನ್ನು ವಾಸಿ ಮಾಡುತ್ತಾರೆ. ಗುರುಗ್ರಹವನ್ನು ಸುತ್ತುವ ಜುನೋ ನೌಕೆಯ ಕ್ಯಾಮೆರಾ ವಿಕಿರಣದಿಂದ ಹಾಳಾಗುತ್ತಾ ಬಂದಾಗಲೂ, 2023ರ ಡಿಸೆಂಬರ್ 30ರಂದು ಅಯೋ ಉಪಗ್ರಹದ ಸಮೀಪ ಹಾಯುವ ಮೊದಲು ಅದನ್ನು ಬಿಸಿ ಮಾಡಿ ಚಿತ್ರ ಸುಧಾರಿಸಿದರು. ಆದರೆ ಅವರು ಬಿಸಿ ಮಾಡಿದ್ದು ಎಷ್ಟಕ್ಕೆ? ಜುನೋದಲ್ಲಿ ಮೊದಲ ಪ್ರಯತ್ನದಲ್ಲಿ 25 ಡಿಗ್ರಿಗೆ. ನಿಮ್ಮ ಡ್ಯಾಶ್‌ಕ್ಯಾಮ್ ಪ್ರತಿ ಮಧ್ಯಾಹ್ನ ಅದರ ಎರಡು ಪಟ್ಟಿಗಿಂತ ಹೆಚ್ಚು ಬಿಸಿಯಲ್ಲಿ ಬೇಯುತ್ತಿದೆ. ಬಿಸಿಯಿಂದ ವಾಸಿಯಾಗುವಂಥದ್ದು ಆಗಲೇ ಆಗಿಹೋಗಿದೆ. ಉಳಿದದ್ದನ್ನು ಕದಲಿಸಲು ಬೇಕಾದ ಶಾಖಕ್ಕೆ ಲೆನ್ಸಿನ ಅಂಟು ಸಡಿಲವಾಗಿ ಗುರಿ ತಪ್ಪುತ್ತದೆ, ಲಿಥಿಯಂ ಬ್ಯಾಟರಿ ಇದ್ದರೆ ಊದಿಕೊಳ್ಳುತ್ತದೆ. ನಿಮಗೆ ಧೈರ್ಯವಾಗದಿದ್ದುದು ಒಳ್ಳೆಯದೇ ಆಯಿತು.

ಇನ್ನು ಮಾಡಬೇಕಾದ್ದು. ಎಲ್ಲಕ್ಕಿಂತ ಮೊದಲು ನೆರಳು. ಮಧ್ಯಾಹ್ನ ಕಾರು ನಿಲ್ಲಿಸಿ ಹೋಗುವಾಗ ಕ್ಯಾಮೆರಾವನ್ನು ಹಿಡಿಕೆಯಿಂದ ಕಳಚಿ ಸೀಟಿನ ಕೆಳಗೋ ಚೀಲದಲ್ಲೋ ಇಟ್ಟುಬಿಡಿ. ಕಳಚಲಾಗದ ಮಾದರಿಯಾದರೆ ಹಿಂಗನ್ನಡಿಯ ಹಿಂದೆ, ಗಾಜಿನ ಅಂಚಿನ ಕಪ್ಪು ಚುಕ್ಕಿಪಟ್ಟಿಯ ನೆರಳು ಸಿಗುವಷ್ಟು ಮೇಲಕ್ಕೆ ಅಂಟಿಸಿ, ಆದರೆ ವೈಪರ್ ಒರೆಸುವ ಜಾಗ ಬಿಟ್ಟು ಹೋಗಬಾರದು. ಒಂದು ತಪ್ಪನ್ನು ಎಷ್ಟೋ ಕಾರುಗಳಲ್ಲಿ ನೋಡಿದ್ದೇನೆ. ಮುಂಗಾಜಿಗೆ ಒಳಗಿನಿಂದ ಬೆಳ್ಳಿಬಣ್ಣದ ಮಡಚುವ ಪರದೆ ಹಾಕುತ್ತಾರೆ, ಕ್ಯಾಮೆರಾ ಗಾಜು ಮತ್ತು ಪರದೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಸೀಟು ತಣ್ಣಗಿರುತ್ತದೆ, ಕ್ಯಾಮೆರಾಗೆ ಬಿಸಿಲು ಎರಡೂ ಕಡೆಯಿಂದ ಬಡಿಯುತ್ತದೆ. ಪರದೆಯಲ್ಲಿ ಕ್ಯಾಮೆರಾದಷ್ಟು ಜಾಗ ಕತ್ತರಿಸಿ, ಅದರ ಮೇಲೆ ಹೊರಗಿನಿಂದ ಒಂದು ಬಿಳಿ ಬಟ್ಟೆ ಹಾಕುವುದು ವಾಸಿ. ಮುಂಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವ ಯೋಚನೆ ಬೇಡ. ಅದು ಕನಿಷ್ಠ ಶೇ 70ರಷ್ಟು ಬೆಳಕು ಬಿಡಲೇಬೇಕೆಂಬ ನಿಯಮವಿದೆ, ಮೇಲಾಗಿ ಕಡಿಮೆಯಾದ ಬೆಳಕನ್ನು ಕ್ಯಾಮೆರಾ ಗೇನ್ ಏರಿಸಿಯೇ ತುಂಬಿಕೊಳ್ಳುತ್ತದೆ. ಪೋಲರೈಸರ್ ಫಿಲ್ಟರ್ ಹಾಕಿದ್ದರೆ ಅದಕ್ಕೂ ಇದೇ ಮಾತು. ಹಗಲು ಡ್ಯಾಶ್‌ಬೋರ್ಡಿನ ಪ್ರತಿಫಲನ ತಡೆಯಲು ಅದು ಒಳ್ಳೆಯದು, ಆದರೆ ಅರ್ಧಕ್ಕಿಂತ ಹೆಚ್ಚು ಬೆಳಕು ನುಂಗುತ್ತದೆ. ರಾತ್ರಿ ಹೊರಡುವ ಮುಂಚೆ ತೆಗೆದುಬಿಡಿ.

ಸಂಜೆ ಹೊರಡುವಾಗ ಮೊದಲ ಐದು ಹತ್ತು ನಿಮಿಷ ಏಸಿ ಗಾಳಿಯನ್ನು ಮುಂಗಾಜಿನ ಕಡೆಗೆ ತಿರುಗಿಸಿ. ವೈಫೈ ಆರಿಸಿ, ಬೇಕಾದಾಗ ಹಾಕಿಕೊಳ್ಳಬಹುದು. ನಿಂತ ಕಾರಿನಲ್ಲೂ ದಾಖಲಿಸುವ ಪಾರ್ಕಿಂಗ್ ಮೋಡ್ ಬೇಸಿಗೆಯ ಹಗಲಿನಲ್ಲಿ ಬೇಡ. ಅದನ್ನು ಆರಿಸುವುದರಲ್ಲಿ ಒಂದು ನಷ್ಟವೂ ಇದೆ, ನಿಂತ ಕಾರಿಗೆ ಯಾರಾದರೂ ಗೀಚಿದರೆ ದಾಖಲೆ ಇರುವುದಿಲ್ಲ. ಜನಸಂದಣಿಯ ಜಾಗವಾದರೆ ನೀವೇ ತೂಗಿ ನೋಡಿ.

ಸೆಟ್ಟಿಂಗ್‌ನಲ್ಲಿ ಎಕ್ಸ್‌ಪೋಶರ್ ಅನ್ನು ಮೈನಸ್ ಮೂರನೇ ಒಂದು ಅಥವಾ ಮೂರನೇ ಎರಡಕ್ಕೆ ಇಳಿಸಿ. ಚಿತ್ರ ತುಸು ಕಪ್ಪಾಗುತ್ತದೆ, ಅಂಚಿನಲ್ಲಿ ನಡೆಯುವವರು ಮೊದಲಿನಷ್ಟು ಸ್ಪಷ್ಟ ಕಾಣರು. ಆದರೆ ಚುಕ್ಕೆ ಇಳಿಯುತ್ತದೆ, ಅದಕ್ಕಿಂತ ಮುಖ್ಯವಾಗಿ ನಂಬರ್ ಪ್ಲೇಟ್ ಓದಲು ಬರುತ್ತದೆ. ಈಗಿನ ಹೈ ಸೆಕ್ಯೂರಿಟಿ ಪ್ಲೇಟ್‌ಗಳು ಬೆಳಕನ್ನು ಬಂದ ಕಡೆಗೇ ತಿರುಗಿಸುವ ಹಾಳೆಯಿಂದ ಮಾಡಿದವು. ನಿಮ್ಮದೇ ಹೆಡ್‌ಲೈಟ್ ಬಿದ್ದಾಗ ಅವು ಬರೀ ಬಿಳಿ ಪಟ್ಟಿಯಾಗಿಬಿಡುತ್ತವೆ. ರಾತ್ರಿಯ ವಿಡಿಯೊಗಳಲ್ಲಿ ಹಾಟ್ ಪಿಕ್ಸೆಲ್‌ನಿಂದ ಕಳೆದುಹೋದ ನಂಬರ್‌ಗಳನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಅತಿ ಬೆಳಕಿನಿಂದ, ಕುಲುಕಾಟದಿಂದ ಕಳೆದುಹೋದವಕ್ಕೆ ಲೆಕ್ಕವಿಲ್ಲ.

ಕ್ಯಾಮೆರಾದೊಳಗಿನ ತಂತ್ರಾಂಶವಾದ ಫರ್ಮ್‌ವೇರ್‌ಗೆ ನವೀಕರಣ ಬಂದಿದೆಯೇ ನೋಡಿ. ಕೆಲವು ಕ್ಯಾಮೆರಾಗಳಲ್ಲಿ ದೋಷದ ಪಿಕ್ಸೆಲ್‌ಗಳನ್ನು ಮತ್ತೆ ಗುರುತಿಸಿ ಪಟ್ಟಿಗೆ ಸೇರಿಸುವ ಆಯ್ಕೆ ಇರುತ್ತದೆ. ಫೋಟೊ ಕ್ಯಾಮೆರಾಗಳಲ್ಲಿ ಇದು ಹಳೆಯ ಸೌಲಭ್ಯ, ಡ್ಯಾಶ್‌ಕ್ಯಾಮ್‌ಗಳಲ್ಲಿ ಅಪರೂಪ. ನವೀಕರಿಸುವಾಗ ಮಾದರಿಯ ಹೆಸರು ಅಕ್ಷರ ಅಕ್ಷರ ಹೊಂದಬೇಕು, ನಡುವೆ ವಿದ್ಯುತ್ ಹೋಗಬಾರದು. ತಪ್ಪಾದರೆ ಕ್ಯಾಮೆರಾ ಏಳುವುದೇ ಇಲ್ಲ. ವಾರಂಟಿ ಇನ್ನೂ ಉಳಿದಿದ್ದರೆ ಮೊದಲು ಅಲ್ಲಿಗೆ ಹೋಗಿ, ಮುಚ್ಚಿ ದಾಖಲಿಸಿದ ಆ ಎರಡು ಕ್ಲಿಪ್‌ಗಳನ್ನು ತೋರಿಸಿ. ಬಾಯಿಮಾತಿನ ದೂರಿಗಿಂತ ಅದಕ್ಕೆ ತೂಕ ಹೆಚ್ಚು. ಕೆಲವು ತಯಾರಕರು ಇಂತಿಷ್ಟು ಚುಕ್ಕೆಗಳವರೆಗೆ ದೋಷವಲ್ಲ ಎಂದು ಷರತ್ತು ಬರೆದಿರುತ್ತಾರೆ, ಓದಿಕೊಂಡು ಹೋಗಿ. ಸರಿಯಾಗಿ ಉತ್ತರಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಈಗ ಲಾರಿಯ ವಿಷಯ. ಇಲ್ಲಿ ನಿಮಗೆ ಒಳ್ಳೆಯ ಸುದ್ದಿ ಇದೆ. ಚುಕ್ಕೆ ಚೌಕಟ್ಟಿಗೆ ಅಂಟಿದೆ, ಲಾರಿ ಅಂಟಿಲ್ಲ. ಸೆಕೆಂಡಿಗೆ 30 ಚಿತ್ರದಂತೆ ಲಾರಿ ಮೂರು ಸೆಕೆಂಡ್ ಓದುವ ದೂರದಲ್ಲಿದ್ದರೂ 90 ಚಿತ್ರಗಳು ಸಿಗುತ್ತವೆ. ಚುಕ್ಕೆಯ ಕೆಳಗೆ ಆ ಅಂಕಿ ಬಂದದ್ದು ಅವುಗಳಲ್ಲಿ ಕೆಲವು ಚಿತ್ರಗಳಲ್ಲಿ ಮಾತ್ರ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ವಿಡಿಯೊ ನಿಲ್ಲಿಸಿ 'ಇ' ಕೀಲಿ ಒತ್ತುತ್ತಾ ಹೋದರೆ ಒಂದೊಂದೇ ಚಿತ್ರ ಮುಂದೆ ಸರಿಯುತ್ತದೆ. ಅಂಕಿ ಚುಕ್ಕೆಯಿಂದ ಹೊರಗೆ ಬರುವ ಚಿತ್ರ ಸಿಕ್ಕೇ ಸಿಗುತ್ತದೆ. 3ಕ್ಕೂ 8ಕ್ಕೂ ಇರುವ ವ್ಯತ್ಯಾಸ ಎಡಭಾಗದಲ್ಲಿ, ಅಲ್ಲಿ ಬಾಯಿ ತೆರೆದಿದೆಯೇ ಮುಚ್ಚಿದೆಯೇ ಎಂದು ಐದಾರು ಚಿತ್ರಗಳಲ್ಲಿ ನೋಡಿ, ಒಂದನ್ನೇ ನಂಬಬೇಡಿ. ಲಾರಿ ನಿಮ್ಮ ದಿಕ್ಕಿನಲ್ಲೇ ಹೋಗುತ್ತಿದ್ದುದರಿಂದ ಮಸುಕು ಕಡಿಮೆ ಇರುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಕಾರು ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ ಅರ್ಧ ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಎದುರಿನಿಂದ ಬಂದ ಲಾರಿಯಾಗಿದ್ದರೆ ಅದರ ವೇಗವೂ ಸೇರಿ ನಾನು ಇಷ್ಟು ಭರವಸೆಯಿಂದ ಮಾತಾಡುತ್ತಿರಲಿಲ್ಲ.

ಪ್ಲೇಟನ್ನಷ್ಟೇ ದಿಟ್ಟಿಸಿ ಕೂರಬೇಡಿ. ನಮ್ಮ ಲಾರಿಗಳ ಪಕ್ಕದ ಹಲಗೆ, ಹಿಂಬದಿಯ ಹಲಗೆಗಳ ಮೇಲೆ ದೊಡ್ಡ ಅಕ್ಷರದಲ್ಲಿ ನೋಂದಣಿ ಸಂಖ್ಯೆ ಬರೆಸಿರುವುದು ಸಾಮಾನ್ಯ. ನಿಮ್ಮ ಬಲಕ್ಕೆ ಹಾಯ್ದು ಮುಂದೆ ಬಂದ ಆ ಕ್ಷಣದಲ್ಲಿ ಪಕ್ಕದ ಹಲಗೆ ಓರೆಯಾಗಿ ಕಾಣಿಸಿರಬಹುದು. ಮಣ್ಣು ಮೆತ್ತಿದ ಪ್ಲೇಟ್‌ಗಿಂತ ಅದು ಎಷ್ಟೋ ಸಲ ಚೆನ್ನಾಗಿ ಓದಲು ಸಿಕ್ಕಿದೆ. ಸಾಗಣೆ ಸಂಸ್ಥೆಯ ಹೆಸರು, ಹಲಗೆಯ ಬಣ್ಣ, ಒಂದು ಹಿಂದೀಪ ಉರಿಯದಿರುವುದು, ಎಲ್ಲವನ್ನೂ ಬರೆದುಕೊಳ್ಳಿ.

ಚುಕ್ಕೆ ಅಳಿಸಿ ಕೊಡಬಹುದೇ ಎಂದರೆ, ಮೂಲ ಫೈಲ್‌ನಲ್ಲಿ ಬೇಡವೇ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ 65ಬಿ ಎನ್ನುತ್ತಿದ್ದ ಕಲಮಿನ ಜಾಗದಲ್ಲಿ ಬಂದದ್ದು ಇದು. ಆ ಪತ್ರದಲ್ಲಿ ಫೈಲ್‌ನ ಹ್ಯಾಶ್ ಮೌಲ್ಯ ನಮೂದಿಸಬೇಕು. ಹ್ಯಾಶ್ ಎಂದರೆ ಫೈಲ್‌ನ ಬೆರಳಚ್ಚು. ಒಂದೇ ಒಂದು ಪಿಕ್ಸೆಲ್ ಬದಲಿಸಿ ಉಳಿಸಿದರೂ ಅದು ಪೂರ್ತಿ ಬೇರೆಯಾಗುತ್ತದೆ. ಕಾರ್ಡಿನಿಂದ ಫೈಲನ್ನು ಎರಡು ಕಡೆ ನಕಲಿಸಿ, ಎಸ್‌ಎಚ್‌ಎ-256 ಎಂಬ ವಿಧಾನದ ಹ್ಯಾಶ್ ತೆಗೆದು ಬರೆದಿಡಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಮತ್ತೆ ಸಂಕುಚಿತವಾಗಿ ಬೇರೆಯೇ ಫೈಲ್ ಆಗುತ್ತದೆ, ಠಾಣೆಗೆ ಪೆನ್‌ಡ್ರೈವ್‌ನಲ್ಲಿ ಕೊಡಿ. ಪ್ರಮಾಣಪತ್ರದ ಒಕ್ಕಣೆಗೆ ವಕೀಲರನ್ನು ಕೇಳಿ.

ಚುಕ್ಕೆಗಳ ಬಗ್ಗೆ ನಿಮಗೆ ಮುಜುಗರ ಬೇಡ, ಅವು ನಿಮ್ಮ ಪರವಾಗಿಯೇ ನಿಲ್ಲಬಲ್ಲವು. ಪ್ರತಿ ಸೆನ್ಸರಿನ ದೋಷಗಳ ವಿನ್ಯಾಸ ಬೇರೆ ಬೇರೆ. ಯಾವ ಚಿತ್ರ ಯಾವ ಕ್ಯಾಮೆರಾದಿಂದ ಬಂತು ಎಂದು ಗುರುತಿಸಲು ವಿಧಿವಿಜ್ಞಾನದವರು ಮೊದಮೊದಲು ಕೆಟ್ಟ ಪಿಕ್ಸೆಲ್‌ಗಳ ಜಾಗವನ್ನೇ ನೋಡುತ್ತಿದ್ದರು. 2006ರಲ್ಲಿ ಲುಕಾಶ್, ಫ್ರಿಡ್ರಿಚ್ ಮತ್ತು ಗೋಲ್ಯಾನ್ ಎಂಬ ಸಂಶೋಧಕರು ಇನ್ನೂ ಸೂಕ್ಷ್ಮವಾದ ವಿಧಾನ ಪ್ರಕಟಿಸಿದರು, ಸೆನ್ಸರಿನ ಪ್ರತಿ ಪಿಕ್ಸೆಲ್‌ನ ಸಣ್ಣ ಏರುಪೇರನ್ನೇ ಬೆರಳಚ್ಚಾಗಿ ಬಳಸುವುದು. ವಿಡಿಯೊ ಬೇರೆ ಕಾರಿನದು ಎಂದು ಯಾರಾದರೂ ವಾದಿಸಿದರೆ, ನಿಮ್ಮ ಕ್ಯಾಮೆರಾ ಇವತ್ತೂ ಅದೇ ಜಾಗದಲ್ಲಿ ಅದೇ ಚುಕ್ಕೆ ತೋರಿಸುವುದು ಒಂದು ಉತ್ತರ. ಹಾಗಾಗಿ ಪ್ರಕರಣ ಮುಗಿಯುವ ತನಕ ಈ ಕ್ಯಾಮೆರಾವನ್ನು ಮಾರಬೇಡಿ. ಫರ್ಮ್‌ವೇರ್ ನವೀಕರಣ, ವಾರಂಟಿಗೆ ಒಪ್ಪಿಸುವುದು ಕೂಡ ಠಾಣೆಯವರು, ವಕೀಲರು ಸರಿ ಎಂದ ಮೇಲೆ ಇರಲಿ.

ವಿಮೆಯವರಿಗೆ ವಿವರಿಸಲು ಚುಕ್ಕೆಯಿಲ್ಲದ ಪ್ರತಿಯೊಂದು ಬೇಕೆನಿಸಿದರೆ ನಕಲಿನಿಂದ ಮಾಡಿಕೊಳ್ಳಿ, ಫೈಲ್ ಹೆಸರಿನಲ್ಲೇ 'ತಿದ್ದಿದ ಪ್ರತಿ' ಎಂದು ಬರೆಯಿರಿ. ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಲ್ಲಿ ಡಿಲೋಗೊ ಎಂಬ ಫಿಲ್ಟರ್ ಇದೆ. ಟಿವಿ ವಾಹಿನಿಯ ಲಾಂಛನ ಅಳಿಸಲು ಮಾಡಿದ್ದು ಅದು, ಚುಕ್ಕೆಯ ಸುತ್ತ ಒಂದು ಪುಟ್ಟ ಚೌಕ ಹೇಳಿದರೆ ಅಂಚಿನ ಪಿಕ್ಸೆಲ್‌ಗಳಿಂದ ಒಳಭಾಗ ತುಂಬುತ್ತದೆ. ಬಣ್ಣ ಹಬ್ಬಿರುವುದರಿಂದ ಚೌಕವನ್ನು ಕಣ್ಣಿಗೆ ಕಂಡದ್ದಕ್ಕಿಂತ ಎರಡು ಮೂರು ಪಿಕ್ಸೆಲ್ ಅಗಲ ಮಾಡಿ, ಇಲ್ಲದಿದ್ದರೆ ಕೆಂಪು ಉಂಗುರ ಉಳಿಯುತ್ತದೆ. ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ಸಂಪಾದನೆ ತಂತ್ರಾಂಶದ ಹಣ ಕೊಟ್ಟು ಪಡೆಯುವ ಆವೃತ್ತಿಯಲ್ಲಿ ಇದಕ್ಕೆಂದೇ ಒಂದು ಸಾಧನವಿದೆ. ಮುಚ್ಚಿ ದಾಖಲಿಸಿದ ಕಪ್ಪು ಚಿತ್ರವನ್ನು ವಿಡಿಯೊದಿಂದ ಕಳೆಯುವ ಉಪಾಯ ನಕ್ಷತ್ರ ಛಾಯಾಗ್ರಹಣದಲ್ಲಿ ಚೆನ್ನಾಗಿ ನಡೆಯುತ್ತದೆ, ಇಲ್ಲಿ ನಡೆಯದು. ಸಂಕುಚಿಸಿದ ವಿಡಿಯೊದಲ್ಲಿ ಚುಕ್ಕೆಯ ಪ್ರಮಾಣ ಚಿತ್ರದಿಂದ ಚಿತ್ರಕ್ಕೆ ಬದಲಾಗಿರುವುದರಿಂದ ಕೆಂಪಿನ ಜಾಗದಲ್ಲಿ ಕಪ್ಪು ತೂತು ಉಳಿಯುತ್ತದೆ. ತಿದ್ದಿದ ಪ್ರತಿಯಲ್ಲಿ ಜಿಪಿಎಸ್, ವೇಗದ ಮಾಹಿತಿ ಕಳಚಿಹೋಗುವ ಸಾಧ್ಯತೆಯೂ ಇದೆ.

ಎಐ ಬಳಸಿ ಚಿತ್ರ ಸ್ಪಷ್ಟ ಮಾಡುವ ಆ್ಯಪ್‌ಗಳನ್ನು ಮಾತ್ರ ಈ ಕೆಲಸಕ್ಕೆ ಮುಟ್ಟಬೇಡಿ. ಅವು ಮಸುಕಿನ ಅಂಕಿಯನ್ನು ಓದುವುದಿಲ್ಲ, ಅಲ್ಲಿ ಇರಬಹುದಾದ ಒಂದು ಅಂಕಿಯನ್ನು ಚೆಂದವಾಗಿ ಬರೆಯುತ್ತವೆ. 3 ಇದ್ದಲ್ಲಿ 8 ಬರೆದರೆ, ಆ ರಾತ್ರಿ ಮನೆಯ ಮುಂದೆ ಲಾರಿ ನಿಲ್ಲಿಸಿ ಮಲಗಿದ್ದ ಇನ್ಯಾರದೋ ಮೇಲೆ ದೂರು ಹೋಗುತ್ತದೆ.

ಹೊಸದು ಕೊಂಡರೆ ಬರುವುದಿಲ್ಲವೇ ಎಂದಿದ್ದೀರಿ. ಬರುತ್ತದೆ, ಒಂದೆರಡು ಬೇಸಿಗೆ ಕಳೆಯಬೇಕಷ್ಟೆ. ಹತ್ತು ಹನ್ನೆರಡು ಚುಕ್ಕೆಗಾಗಿ ಈಗಿನದನ್ನು ಎಸೆಯಬೇಕಿಲ್ಲ. ಮುಂದೆ ಎಂದಾದರೂ ಕೊಳ್ಳುವಾಗ 4ಕೆ ಎಂಬ ಅಕ್ಷರಕ್ಕಿಂತ ಪಿಕ್ಸೆಲ್‌ನ ಅಳತೆ ಕೇಳಿ. ಸೋನಿಯ ಐಎಂಎಕ್ಸ್307 ಸೆನ್ಸರಿನ ಪಿಕ್ಸೆಲ್ 2.9 ಮೈಕ್ರಾನ್, 4ಕೆಯ ಐಎಂಎಕ್ಸ್415ರದ್ದು 1.45 ಮೈಕ್ರಾನ್. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರದ ಸೆನ್ಸರ್, ಆದರೆ ಎರಡನೆಯದರ ಪ್ರತಿ ಗುಂಡಿಗೆ ಬೀಳುವ ಮಳೆ ಕಾಲುಭಾಗ. 4ಕೆಯೇ ಬೇಕಿದ್ದರೆ ದೊಡ್ಡ ಸೆನ್ಸರಿನ, 2 ಮೈಕ್ರಾನ್ ಪಿಕ್ಸೆಲ್‌ನ ಐಎಂಎಕ್ಸ್678 ಇರುವಂಥದ್ದನ್ನು ನೋಡಿ. ಒಳಗೆ ಲಿಥಿಯಂ ಬ್ಯಾಟರಿಯ ಬದಲು ವಿದ್ಯುತ್ ಹಿಡಿದಿಡುವ ಸೂಪರ್ ಕೆಪ್ಯಾಸಿಟರ್ ಇರಲಿ, ಕೈಯಿಂದ ಸುಲಭವಾಗಿ ಕಳಚುವ ಹಿಡಿಕೆ ಇರಲಿ. ಕೊಂಡ ದಿನವೇ, ಬಿಲ್ ಇನ್ನೂ ಜೇಬಿನಲ್ಲಿರುವಾಗಲೇ, ಲೆನ್ಸ್ ಮುಚ್ಚಿ ಒಂದು ನಿಮಿಷ ದಾಖಲಿಸಿ ಆ ಫೈಲನ್ನು ಎತ್ತಿಡಿ. ಮುಂದಿನ ವರ್ಷ ಅಂಗಡಿಯವರು ಮೊದಲಿನಿಂದಲೂ ಹೀಗೆಯೇ ಇತ್ತು ಎಂದರೆ ತೋರಿಸಲು ಬೇಕಾಗುತ್ತದೆ.